ಅಕ್ಕನ ಮೂಲೆಯ ತಟ್ಟೆ

ಪ್ರಯೋಗಾಲಯದಲ್ಲಿ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದ ಹಿರಿಯ ಸಹಾಯಕಿಯನ್ನು ಕಂಡರೆ ಕಿರಿಯ ಸಹಾಯಕಿಗೆ ಹೊಟ್ಟೆಯುರಿ. ಅಕ್ಕ ಬಣ್ಣ ಹಚ್ಚಿದ ಕೊಬ್ಬಿನ ಕಣ ಬಿಟ್ಟರೆ ಸಾಕು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು ಮೈಯನ್ನೇ ಒಳಕ್ಕೆ ಮಡಚಿ, ಪುಟ್ಟ ಚೀಲ ಮಾಡಿಕೊಂಡು ನುಂಗುತ್ತಿದ್ದವು. ಇವಳ ಕೋಶಗಳಿಗೆ ಬಾಯಿ ಕಟ್ಟಿದಂತೆ. "ಅವಸರ ಮಾಡ್ಬೇಡಮ್ಮ, ಬೆಚ್ಚಗಿಟ್ಟು ಕಾಯಿ," ಎಂದು ಅಕ್ಕ ದಿನಕ್ಕೆ ಹತ್ತು ಸಲ ಹೇಳುವಳು. ಗಾಜಿನ ತಟ್ಟೆಗಳಿಗೆ ಜೋಗುಳ ಹಾಡುವುದೊಂದು ಬಾಕಿ. ಮೂಲೆಯ ತಟ್ಟೆಯೊಂದನ್ನು ಮಾತ್ರ ದಿನಾ ಬೆಳಿಗ್ಗೆ ಒಬ್ಬಳೇ ನೋಡಿ ಮುಚ್ಚಿಡುವಳು. ಕೈಗುಣದ ಗುಟ್ಟು ಅಲ್ಲೇ ಇದೆಯೆಂದು ಕಿರಿಯಳು ಒಂದು ದಿನ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. ಕಣಗಳೆಲ್ಲ ಹೊರಗೇ ತೇಲುತ್ತಿದ್ದವು. ಒಂದು ಕೋಶವೂ ನುಂಗಿರಲಿಲ್ಲ. "ನನ್ನ ತಮ್ಮನ ಚರ್ಮದಿಂದ ತೆಗೆದು ಬೆಳೆಸಿದ ಕೋಶಗಳು," ಎಂದಳು ಹಿಂದೆ ಬಂದು ನಿಂತ ಅಕ್ಕ. "ಇವು ನುಂಗದೆ ಕೊಬ್ಬೆಲ್ಲ ರಕ್ತದಲ್ಲೇ ಉಳಿದು ಇಪ್ಪತ್ತನೇ ವಯಸ್ಸಿಗೇ ಹೋಗ್ಬಿಟ್ಟ. ಇವತ್ತಾದ್ರೂ ಒಂದು ತುತ್ತು ತಗೊಂಡ್ವಾ ಅಂತ ನೋಡ್ತೀನಿ." ಕಿರಿಯಳು ಎದ್ದು ಸ್ಟೂಲು ಬಿಟ್ಟುಕೊಟ್ಟಳು.