ಹುಡುಕಾಟದಲ್ಲಿ ಮೊದಲಿಗನಾದ ಬೀಗದಣ್ಣ

ಮೂವತ್ತು ವರ್ಷದಿಂದ ಬೀಗ ರಿಪೇರಿ ಮಾಡುತ್ತಿದ್ದ ಬೀಗದಣ್ಣನಿಗೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ತನ್ನ ವೆಬ್‌ಸೈಟ್ ಒಂಬತ್ತನೇ ಪುಟದಲ್ಲಿ ಬರುತ್ತದೆಂದು ತಿಳಿದಾಗ ಮೈಯೆಲ್ಲ ಉರಿದುಹೋಯಿತು. ಅದನ್ನು ಮಾಡಿಕೊಟ್ಟ ಮಗಳನ್ನೇ ಹಿಡಿದು ಕೂರಿಸಿದ.

"ಒಂದೊಂದೇ ಹೆಜ್ಜೆ ಇಡ್ಬೇಕಪ್ಪ," ಎಂದಳು ಅವಳು. "ಮೊದಲು ಜನ ಏನಂತ ಹುಡುಕ್ತಾರೆ ತಿಳ್ಕೋ. ಆಮೇಲೆ ಅದಕ್ಕೆ ಪೂರ್ತಿ ಉತ್ತರ ಬರಿ."

ಬೀಗದಣ್ಣ ಅಂಗಡಿಗೆ ಬಂದವರನ್ನೆಲ್ಲ ಪೀಡಿಸಿ ಕೇಳಿದ. ಎಲ್ಲರೂ ಹುಡುಕುವುದು ಒಂದೇ: 'ಬೀಗ ತೆಗೆಯುವುದು ಹೇಗೆ?' ಸರಿ, ಕಸುಬಿನ ಗುಟ್ಟನ್ನೆಲ್ಲ ಹನ್ನೆರಡು ಹಂತಗಳಲ್ಲಿ, ಒಂದನ್ನೂ ಮುಚ್ಚಿಡದೆ ಬರೆದ. ಮೂರೇ ತಿಂಗಳಿಗೆ ಮೊದಲನೇ ಪುಟದ ಮೊದಲನೇ ಸಾಲಿಗೆ ಬಂದ. ಅಂಗಡಿಗೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಓದಿದವರೆಲ್ಲ ತಮ್ಮ ಬೀಗ ತಾವೇ ತೆಗೆದುಕೊಂಡರು. "ಬರದಿದ್ರೆ ಬಿಡ್ಲಿ, ಮೊದಲನೇ ಸ್ಥಾನ ಯಾರದು?" ಎಂದು ಮೀಸೆ ತಿರುವಿದ.

ಒಂದು ಮಧ್ಯಾಹ್ನ ಅವನು ಹೊರಗೆ ನಿಂತಿದ್ದಾಗ, ಅಂಗಡಿಯ ಬಾಗಿಲು ಗಾಳಿಗೆ ಧಡಾರನೆ ಮುಚ್ಚಿ ಬೀಗ ಬಿದ್ದುಬಿಟ್ಟಿತು. ಕೀಲಿ, ಫೋನು, ಹತಾರಗಳೆಲ್ಲ ಒಳಗೆ. ಪಕ್ಕದಂಗಡಿಯ ದರ್ಜಿ ತನ್ನ ಫೋನಿನಲ್ಲಿ 'ಬೀಗ ತೆಗೆಯುವುದು ಹೇಗೆ?' ಎಂದು ಹುಡುಕಿದ; ಮೊದಲು ಬಂದದ್ದು ಬೀಗದಣ್ಣನ ಪುಟವೇ. ದರ್ಜಿ ಜೋರಾಗಿ ಓದಿದ, ಬೀಗದಣ್ಣ ಅವನ ಸೂಜಿ ಹಿಡಿದು ತಾನೇ ಬರೆದದ್ದನ್ನು ಚಾಚೂತಪ್ಪದೆ ಮಾಡಿದ. ಹನ್ನೊಂದು ಹಂತ ಮುಗಿದರೂ, ಅವನೇ ತನಗಾಗಿ ಮಾಡಿಕೊಂಡಿದ್ದ ಗಟ್ಟಿ ಬೀಗದ ಆ ಬಾಗಿಲು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹನ್ನೆರಡನೆಯದು: 'ಆಗದಿದ್ದರೆ ಈ ನಂಬರಿಗೆ ಫೋನ್ ಮಾಡಿ.'

ದರ್ಜಿ ಮಾಡಿದ. ಅಂಗಡಿಯೊಳಗೆ ಫೋನು ಬಡಿದುಕೊಂಡಿತು.

"ಎತ್ತುತ್ತಿಲ್ಲ ಅಣ್ಣ. ಎರಡನೇ ಸಾಲಿನವರಿಗೆ ಮಾಡ್ಲಾ?"

ಬೀಗದಣ್ಣ ಕೆಂಡವಾದ. "ಮೊದಲನೇ ಸ್ಥಾನದವರು ಅಂದ್ಮೇಲೆ ಕೈತುಂಬ ಕೆಲಸ ಇರುತ್ತಪ್ಪ. ಇನ್ನೊಂದ್ಸಲ ಮಾಡು!"