ಗೋಡೆಗೆ ಮುಖ ಮಾಡಿದ ಜೆರ್ಸಿ

ವೇಲ್ಸಿನ ಒಂದು ಕಣಿವೆಯ ಕ್ವಮ್ ಹೆಲಿಗ್ ಊರಿನ ರಗ್ಬಿ ಕ್ಲಬ್ಬಿನಲ್ಲಿ ಶನಿವಾರದ ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಒಂದೇ ಮೇಜಿಗೆ ಕೂತು ಉಣ್ಣಬೇಕು. ಒಳಗೆ ಕಾಲಿಟ್ಟವರು ಜಗಳವನ್ನು ಮೈದಾನದ ಕೆಸರಿನಲ್ಲೇ ಬಿಟ್ಟು ಬರಬೇಕು. ಐರ್ವೆನ್ ಪ್ಯೂ ಆ ಅಡುಗೆಮನೆ ಹಿಡಿದಾಗಿನಿಂದ ಇದು ಒಂದು ವಾರವೂ ತಪ್ಪಿಲ್ಲ. ಮಾಂಸದ ಉಂಡೆ, ಬೇಯಿಸಿದ ಬಟಾಣಿ, ಮೇಲೆ ದಟ್ಟ ಗ್ರೇವಿ. ಎಪ್ಪತ್ತು ದಾಟಿದ ಹೆಂಗಸು. ಆಳು ಗಿಡ್ಡ, ನಾಲಿಗೆ ಉದ್ದ.

ಇತ್ತೀಚೆಗೆ ಅವಳ ಅಡುಗೆ ಮಿಗುತ್ತಿತ್ತು. ಎದುರಾಳಿಗಳು ಹದಿನೈದು ಜನರ ಬದಲು ಹನ್ನೆರಡೋ ಹದಿಮೂರೋ ಬರುವರು. ನಮ್ಮವರದೂ ಅದೇ ಹಾಡು. ಆದರೂ ಐರ್ವೆನ್ ಎರಡು ಪೂರ್ತಿ ತಂಡಕ್ಕೇ ಬೇಯಿಸುವಳು.

"ಇಷ್ಟೆಲ್ಲ ಯಾರಿಗೆ ಆಂಟಿ?" ಎಂದು ಹುಡುಗರು ರೇಗಿಸಿದರೆ, "ಬರದೇ ಇರೋ ಮಹಾನುಭಾವರಿಗೆ. ನೀನು ಸುಮ್ನೆ ತಿನ್ನು" ಅನ್ನುವಳು.

ಒಂದು ಕಾಲದಲ್ಲಿ ವೇಲ್ಸ್ ತಂಡ ಆಡುವ ದಿನ ಬೀದಿಯಲ್ಲಿ ನಾಯಿಯೂ ಓಡಾಡುತ್ತಿರಲಿಲ್ಲ. ಈಗ ಆಟದ ಹೊತ್ತಿಗೇ ಜನ ಸಾಮಾನು ತರಲು ಹೊರಡುತ್ತಾರೆ, ಮಕ್ಕಳು ಫುಟ್‌ಬಾಲಿನ ಅಂಗಿ ತೊಟ್ಟು ತಿರುಗುತ್ತಾರೆ. ಆ ಚಳಿಗಾಲವಿಡೀ ವೇಲ್ಸ್ ಸೋತಿತು. ಕೊನೆಗೆ ಒಂದು ಸೋಮವಾರ ಕೋಚನ್ನು ತೆಗೆದರು. ಹೊಸಬ ಬರುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದು ಟಿವಿಯವರು ಹೇಳಿದರು. ತೆಗೆದುಹಾಕಿದವನು ಇದೇ ಊರಿನ ಪೋಸ್ಟ್‌ಮ್ಯಾನ್ ಮಗ ಗೆಥಿನ್ ಬೋವೆನ್. ದೇಶಕ್ಕೆ ಮೊದಲ ಸಲ ಆಡಿದಾಗ ತೊಟ್ಟ ಕೆಂಪು ಜೆರ್ಸಿಯನ್ನು ಅವನು ಪದ್ಧತಿಯಂತೆ ಊರಿನ ಕ್ಲಬ್ಬಿಗೇ ಕೊಟ್ಟಿದ್ದ. ಗಾಜಿನ ಚೌಕಟ್ಟಿನಲ್ಲಿ ಅದು ಬಾರಿನ ಹಿಂದೆ ತೂಗುತ್ತಿತ್ತು.

ಮಂಗಳವಾರ ನೋಡಿದರೆ ಜೆರ್ಸಿ ಗೋಡೆಗೆ ಮುಖ ಮಾಡಿತ್ತು. ಆ ಕಣಿವೆಯಲ್ಲಿ ಒಬ್ಬನ ಪಟವನ್ನು ಗೋಡೆಗೆ ತಿರುಗಿಸಿದರೆಂದರೆ ಮನೆಯವರು ಅವನ ಹೆಸರಿಗೆ ಎಳ್ಳುನೀರು ಬಿಟ್ಟರೆಂದೇ ಲೆಕ್ಕ. ಕಮಿಟಿಯವರ ಕೆಲಸ ಎಂದು ಕುಡಿಯಲು ಬಂದವರು ಅಂದುಕೊಂಡರು. ಕುಡಿಯಲು ಬಂದವರದೇ ಎಂದು ಕಮಿಟಿಯವರು ಅಂದುಕೊಂಡರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಮುಟ್ಟುವುದು ದೂರದ ಮಾತು.

ಶುಕ್ರವಾರ ಬಾರ್ ನೋಡಿಕೊಳ್ಳುವ ಗ್ವಿಲಿಮ್ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿದ.

"ಗೆಥಿನ್ ಅಕ್ಕನ ಮನೇಲಿದಾನೆ ಐರ್ವೆನ್. ಕಿಟಕಿ ಪರದೆನೂ ತೆಗೀತಿಲ್ವಂತೆ. ಜೆರ್ಸಿ ವಿಷಯ ಕಿವಿಗೆ ಬಿದ್ದಿದೆ. ಭಾನುವಾರ ಜಪಾನ್‌ಗೆ ಹೋಗ್ತಾನಂತೆ, ಕೆಲಸ ಸಿಕ್ಕಿದೆ. ಇನ್ನು ಈ ಊರಿಗೆ ಕಾಲಿಡಲ್ಲ ಅಂದನಂತೆ."

"ಜೆರ್ಸಿ ವಿಷಯ ಅಂದ್ರೆ?"

"ಯಾರೋ ತಿರುಗಿಸಿ ಇಟ್ಟಿದಾರಲ್ಲ!"

ಐರ್ವೆನ್ ಕೈಲಿದ್ದ ಸೌಟು ಬಟಾಣಿಯೊಳಗೆ ಮುಳುಗಿತು. "ಯಾರೋ ಅಲ್ಲ, ನಾನು ಕಣೋ! ಸೋಮವಾರ ನಿನ್ನ ಹುಡುಗರು ಕುಡಿದು ಅದಕ್ಕೆ ಮಿಕ್ಕಿದ್ದ ಬಟಾಣಿ ಹೊಡೀತಿದ್ರು. ಆಮೇಲೆ ಲೋಟನೇ ಎಸೆದು ಗಾಜು ಒಡೆದಾರು ಅಂತ ತಿರುಗಿಸಿದೆ. ಅವರ ಸಿಟ್ಟು ಇಳಿದ ಮೇಲೆ ನೆಟ್ಟಗೆ ಮಾಡೋಣ ಅಂತ ಇದ್ದೆ, ಮರೆತೇ ಹೋಯ್ತು."

"ಹುಟ್ಟಿದಾಗಿಂದ ಇಲ್ಲೇ ಇದೀಯ, ಗೋಡೆಗೆ ತಿರುಗಿಸಿದ್ರೆ ಏನರ್ಥ ಅಂತ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಹೊಳೆದಿರಲಿಲ್ಲ, ಅಷ್ಟೆ. ಅವಳ ಮನೆಯಲ್ಲಿ ಗೋಡೆಗೆ ತಿರುಗಿಸುವುದಕ್ಕೆ ವರ್ಷಗಟ್ಟಲೆ ಬೇರೆಯೇ ಅರ್ಥವಿತ್ತು.

ಅವಳ ಗಂಡ ಇದ್ವಲ್ ಇದೇ ಕ್ಲಬ್ಬಿಗೆ ಮುಂದಿನ ಸಾಲಿನಲ್ಲಿ ಆಡುತ್ತಿದ್ದ. ಒಂದು ಶನಿವಾರ ಎರಡೂ ತಂಡದವರು ಭುಜಕ್ಕೆ ಭುಜ ಕೊಟ್ಟು ನೂಕುವಾಗ ಗುಂಪು ಕುಸಿಯಿತು. ಅಡಿಯಲ್ಲಿ ಇದ್ವಲ್‌ನ ಕತ್ತು ಮುರಿಯಿತು. ಆಮೇಲೆ ಸಾಯುವ ತನಕ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಬೆನ್ನು ಹುಣ್ಣಾಗದಂತೆ ಆಗಾಗ ಅವನ ಮಗ್ಗುಲು ಬದಲಿಸಬೇಕು. ಎತ್ತಿನಂಥ ಆಳು, ಗಿಡ್ಡ ಐರ್ವೆನ್ ಒಬ್ಬಳಿಂದ ಆಗುವ ಕೆಲಸವಲ್ಲ. ಮೂಳೆ ಕೊರೆಯುವ ಚಳಿ ಇರಲಿ, ಹಬ್ಬವಿರಲಿ, ಪ್ರತಿ ಸಂಜೆ ಕ್ಲಬ್ಬಿನ ನಾಲ್ವರು ಸರದಿಯಂತೆ ಬರುವರು. "ಬಗ್ಗು, ಹಿಡಿ, ಎತ್ತು" ಎಂದು ಮೈದಾನದ ಧಾಟಿಯಲ್ಲೇ ಕೂಗಿ ಇದ್ವಲ್‌ನನ್ನು ಕಿಟಕಿಯಿಂದ ಗೋಡೆಯ ಕಡೆಗೆ ಮೆಲ್ಲಗೆ ತಿರುಗಿಸುವರು. ಆಟ ತನ್ನ ಗಂಡನನ್ನು ಕಿತ್ತುಕೊಂಡಿತು ಎಂದು ಐರ್ವೆನ್ ಒಂದು ವರ್ಷ ಹಲ್ಲು ಕಡಿದಳು. ಆಮೇಲೆ ಅವಳಿಗೆ ಆಗಲಿಲ್ಲ. ಬಾಗಿಲು ತಟ್ಟುವ ಆ ಕೈಗಳನ್ನು ನೋಡುತ್ತಾ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಸುಲಭವಲ್ಲ.

ಗುರುವಾರದ ನಾಲ್ವರಲ್ಲಿ ಗೆಥಿನ್ ಒಬ್ಬ. ಮೀಸೆ ಮೂಡುವ ವಯಸ್ಸಿಗೆ ಶುರುಮಾಡಿದವನು ದೇಶಕ್ಕೆ ಆಡತೊಡಗಿದ ಮೇಲೂ ಬಿಡಲಿಲ್ಲ.

ಐರ್ವೆನ್ ಮೊದಲು ಬಾರಿನ ಹಿಂದೆ ಹೋಗಿ ಜೆರ್ಸಿಯನ್ನು ನೆಟ್ಟಗೆ ಮಾಡಿದಳು. ಆಮೇಲೆ ಏಪ್ರನ್ನಿನಲ್ಲೇ ಏರು ಹತ್ತಿ ಗೆಥಿನ್‌ನ ಅಕ್ಕನ ಮನೆಯ ಬಾಗಿಲು ಬಡಿದಳು. ಗೆಥಿನ್ ಗಡ್ಡ ಬಿಟ್ಟುಕೊಂಡು ಬಂದು ತೆರೆದ.

"ತಿರುಗಿಸಿದ್ದು ನಾನು" ಎಂದಳು, ನಮಸ್ಕಾರವಿಲ್ಲ ಚಮತ್ಕಾರವಿಲ್ಲ. ಬಟಾಣಿಯ ಕಥೆಯನ್ನೂ ಹೇಳಿದಳು. "ಬಿಸಾಕಿದ್ದಲ್ಲ ಮರಿ. ನಿಮ್ಮ ಇದ್ವಲ್ ಮಾವನ್ನ ನೀವೆಲ್ಲ ತಿರುಗಿಸ್ತಿದ್ರಲ್ಲ, ಗಾಯ ಆಗಬಾರದು ಅಂತ. ನಂಗೆ ಗೊತ್ತಿರೋದು ಅದೊಂದೇ."

ಗೆಥಿನ್ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಜನಕ್ಕೆ ಆಟದ ಮೇಲೆ ಆಸೆನೇ ಹೋಗಿದೆ ಆಂಟಿ. ಅದ್ರಲ್ಲಿ ನಂದೂ ಪಾಲಿದೆ. ಯಾವ ಮುಖ ಇಟ್ಕೊಂಡು ಬರ್ಲಿ?"

"ಇರೋ ಮುಖನೇ ತಗೊಂಡು ಬಾ. ಗಡ್ಡ ಮಾತ್ರ ಬೋಳಿಸು, ಬಟಾಣಿ ಅಂಟುತ್ತೆ."

ಶನಿವಾರ ನಮ್ಮವರು ಚೆನ್ನಾಗಿ ಒದೆ ತಿಂದು ಸೋತರು. ಊಟಕ್ಕೆ ಕೂತಾಗ ಬಾಗಿಲು ತೆರೆಯಿತು. ನುಣ್ಣಗೆ ಗಡ್ಡ ಬೋಳಿಸಿದ್ದ ಗೆಥಿನ್ ನಿಂತಿದ್ದ. ಸೋಮವಾರ ಬಟಾಣಿ ಹೊಡೆದವರಲ್ಲಿ ಒಬ್ಬ ಕಿವಿ ಕೆಂಪಗೆ ಮಾಡಿಕೊಂಡು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

ಐರ್ವೆನ್ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು. "ಎಲ್ಲರೂ ಕೇಳಿ. ನನ್ನ ಗಂಡ ಹೋದಾಗ ಅವನ ಬೆನ್ನ ಮೇಲೆ ಒಂದೇ ಒಂದು ಹುಣ್ಣು ಇರಲಿಲ್ಲ. ಯಾವ ನರ್ಸ್ ನೋಡ್ಕೊಂಡಿದ್ದು ಅಂತ ಡಾಕ್ಟ್ರು ಕೇಳಿದ್ರು. ರಗ್ಬಿ ಆಡಿ ಮೂಗು ಮುರ್ಕೊಂಡಿರೋ ಒಂದು ದಂಡೇ ಇದೆ ಸ್ವಾಮಿ ಅಂದೆ. ನಿಮಗೆ ಇಷ್ಟು ವರ್ಷ ಉಣ್ಣಕ್ಕಿಟ್ಟೆ, ಬಾಯಿಬಿಟ್ಟು ಥ್ಯಾಂಕ್ಸ್ ಮಾತ್ರ ಹೇಳ್ಲಿಲ್ಲ. ಈಗ ಹೇಳ್ತಿದೀನಿ. ಗೆಥಿನ್, ನಿಂಗೂ."

ಗೆಥಿನ್ ತಲೆ ತಗ್ಗಿಸಿ ಫೋರ್ಕು ತಿರುವುತ್ತಿದ್ದ. "ಥ್ಯಾಂಕ್ಸ್ ನಾನು ಹೇಳ್ಬೇಕು ಆಂಟಿ. ಸೋತು ಬಂದ್ರೆ ಅಪ್ಪ ಕೇಳೋರು, ಮೇಷ್ಟ್ರು ಕೇಳೋರು, ಪೇಪರ್‌ನೋರು ಕೇಳೋರು. ಎಷ್ಟು ಸ್ಕೋರ್ ಅಂತ ಯಾವತ್ತೂ ಕೇಳದೆ ಇದ್ದಿದ್ದು ಇದ್ವಲ್ ಮಾವ ಒಬ್ರೇ. 'ಕಾಲು ಒರೆಸ್ಕೊಂಡ್ಯಾ, ಚಾ ಕುಡಿದ್ಯಾ' ಅನ್ನೋರು. ನಾನು ಅವರಿಗೋಸ್ಕರ ಬರ್ತಿದ್ದೆ ಅಂತ ನೀವಂದ್ಕೊಂಡಿದ್ರಿ."

ಐರ್ವೆನ್ ಕೈಲಿದ್ದ ತಟ್ಟೆಯನ್ನು ಗೆಥಿನ್‌ನ ಮುಂದಿಟ್ಟಳು. ಇದ್ವಲ್ ಊರಿಗೆ ಹೊರೆಯಾದ ಎಂದು ಅವಳು ಒಳಗೊಳಗೇ ಕೊರಗಿದ್ದಳು. ಹಾಸಿಗೆಯಲ್ಲಿ ಮಲಗಿದ್ದವನೂ ಒಬ್ಬನನ್ನು ಎತ್ತಿ ಹಿಡಿದಿದ್ದ ಎಂದು ಅವಳಿಗೆ ಈಗ ಗೊತ್ತಾಯಿತು.

"ನಾಳೆ ಹೋಗೋದು ಹೋಗ್ತೀನಿ" ಎಂದ ಗೆಥಿನ್. "ಬೇಸಿಗೆಗೆ ಬರ್ತೀನಿ. ಇನ್ನೊಂಚೂರು ಗ್ರೇವಿ ಹಾಕಿ."

ಅವಳು ಹಾಕಿದಳು, ತಟ್ಟೆ ತುಂಬಿ ಮೇಜಿನ ಮೇಲೆ ಚೆಲ್ಲುವಷ್ಟು.