ಅವ್ವ ತುಳಿದ ಸೀಗಡಿ

ಒಮ್ಮೆಯಾದರೂ ಸಮುದ್ರದಲ್ಲಿ ಕಾಲಿಡಬೇಕೆಂಬುದು ಅವ್ವನ ಆಸೆ. ಮಂಡಿನೋವು ಹೆಚ್ಚುತ್ತಿತ್ತು. ಇನ್ನು ತಡಮಾಡಿದರೆ ಆಗದು ಎಂದು ಹೋದ ವರ್ಷ, ಬೆಳಿಗ್ಗೆ ಬಂಡೀಪುರದ ಕಾಡಿನ ಗೇಟು ತೆಗೆಯುವ ಹೊತ್ತಿಗೇ ಗುಂಡ್ಲುಪೇಟೆ ಬಿಟ್ಟು, ಅವಳನ್ನು ಕೇರಳದ ಒಂದು ದ್ವೀಪಕ್ಕೆ ಕರೆದುಕೊಂಡು ಹೋದೆ.

ಬೋಟಿನಲ್ಲಿ ದಾಟಿದ್ದು ಹಿನ್ನೀರು. ಕಡಲು ದ್ವೀಪದ ಆಚೆ ಮಗ್ಗುಲಲ್ಲಿತ್ತು. ನಡುವೆ ಒಂದು ಮುರುಕು ಕೋಟೆ. ಹೋದ ಕಡೆ ಎಲ್ಲವನ್ನೂ ನೋಡಿಯೇ ತೀರಬೇಕೆನ್ನುವ ಜಾತಿ ನನ್ನದು. ಹಡಗಿನಲ್ಲಿ ಬಂದವರು ಯಾರು, ಮೆಣಸಿಗಾಗಿ ಕಾದಾಡಿದವರು ಯಾರು ಎಂದು ಅಲ್ಲಿನ ಬೋರ್ಡು ಓದಿ ಹೇಳುತ್ತ ನಿಂತೆ.

“ಅವ್ರೆಲ್ಲ ಸತ್ತೋಗವ್ರೆ ಕಣಮ್ಮಿ. ಸಮುದ್ರ ಎಲ್ಲದೆ ಏಳು,” ಎಂದು ಅವ್ವ ಮುಂದೆ ನಡೆದುಬಿಟ್ಟಳು.

ಮುಂದಿನ ರಸ್ತೆಯ ಮೇಲೆ ಮೀನುಗಾರರ ಹೆಂಗಸೊಬ್ಬಳು ಸೀಗಡಿ ಒಣಹಾಕಿದ್ದಳು. ನಮ್ಮ ಕಡೆ ಹುರುಳಿ ಗಿಡ ಕಿತ್ತು ರಸ್ತೆಗೇ ಹರಡುತ್ತಾರೆ, ಬಸ್ಸು ಲಾರಿ ಹರಿದು ಕಾಳು ಉದುರಲಿ ಎಂದು. ಸುತ್ತುಹಾಕಿ ಹೋಗುವವರನ್ನೇ ಬಯ್ಯುವುದು. ಇಡೀ ದ್ವೀಪವೇ ಮೀನು ನಾರುತ್ತಿದ್ದುದರಿಂದ ಮೂಗೂ ಎಚ್ಚರಿಸಲಿಲ್ಲ; ಮಂಜುಗಣ್ಣಿನ ಅವ್ವನಿಗೆ ಅದು ಹುರುಳಿಯಂತೆಯೇ ಕಂಡಿತು. ನಾನು ಹಿಂದಿನಿಂದ ಬರುವಷ್ಟರಲ್ಲಿ, ಪಾಪ, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತುಳಿದು ಉಪಕಾರ ಮಾಡುತ್ತಿದ್ದಳು.

ಆ ಹೆಂಗಸು ಪೊರಕೆ ಹಿಡಿದು ಕೂಗುತ್ತ ಬಂದಳು. ಬೈಗುಳ ಅರ್ಥವಾಗಲು ಭಾಷೆ ಬೇಕೆ? ಅವ್ವ ಸಪ್ಪಗಾಗಿ ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

“ಓಗನ ನಡಿಯಮ್ಮಿ. ಪರಊರ್ಗೆ ಬಂದು ಒಬ್ರ ಅನ್ನ ತುಳ್ದ್ಬುಟ್ಟೆ. ನಂಗ್ಯಾವ ಸಮುದ್ರನೂ ಬ್ಯಾಡ.”

ಅಲೆಯ ಸದ್ದು ಕೇಳುವಷ್ಟು ಹತ್ತಿರ ಬಂದಿದ್ದೆವು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಗುಂಡ್ಲುಪೇಟೆಯ ಮಲಯಾಳಿಗಳ ಅಂಗಡಿಗಳಲ್ಲಿ ಕಲಿತ ಹರಕುಮುರುಕು ಮಲಯಾಳಂನಲ್ಲಿ ಆ ಹೆಂಗಸಿಗೆ ನಮ್ಮ ಹುರುಳಿಯ ಕಥೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಲಾರಿ ಹರಿಯುವುದನ್ನು ಕೈಯಲ್ಲಿ ಮಾಡಿ ತೋರಿಸಿದ ಮೇಲೆ ಪೊರಕೆ ಕೆಳಗಿಟ್ಟು ನಕ್ಕಳು. ಅವ್ವನ ಹತ್ತಿರ ಹೋಗಿ, ಸೀಗಡಿ ಪುಡಿ ಮೆತ್ತಿದ ಪಾದಗಳನ್ನು ನೋಡಿ, “ವಾ, ಅಮ್ಮೇ” ಎಂದು ಕರೆದು, ಕೈಹಿಡಿದು ಎಬ್ಬಿಸಿದಳು. ಕಾಲು ತೊಳೆಸಲು ನಲ್ಲಿಗೆ ಕರೆದೊಯ್ಯುತ್ತಾಳೆ ಎಂದುಕೊಂಡೆ. ಅವಳು ನೇರ ಕಡಲಿಗೇ ನಡೆಸಿದಳು.

ಮೊದಲ ಅಲೆ ಮಂಡಿಗೆ ಬಡಿದಾಗ ಅವ್ವ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ದೂರದಿಂದ ಕರೆತಂದವಳು ನಾನು, ಹೊಟ್ಟೆಕಿಚ್ಚಾಯಿತು. ಓಡಿಹೋಗಿ ಅವ್ವನ ಇನ್ನೊಂದು ಕೈ ಹಿಡಿಯಲು ನೋಡಿದೆ.

“ನೀ ಬುಡಮ್ಮಿ,” ಎಂದಳು ಅವ್ವ, ನನ್ನ ಕಡೆ ತಿರುಗದೆ. “ಇವ್ಳು ಇಡ್ಕಂಡವ್ಳೆ.”